ಕುಡಿಯಬಾರದು ಎಂದು ಬರೆದವಳು ನಾನು

ಮಕ್ಕಳಿಗೆ ನಾನು ಮೊದಲು ಕಲಿಸಿದ್ದು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುವುದನ್ನು. ಅದೂ ಮುಂಚೆ ಯೋಚಿಸಿ ಕಲಿಸಿದ್ದಲ್ಲ. ವಾರ್ತೆ ಓದುವ ಹುಡುಗಿ ಎರಡು ನಿಮಿಷ ಎಲ್ಲೂ ತಡವರಿಸದೆ ಓದಿ ಕೊನೆಯ ಸಾಲಿಗೆ ಬಂದಿದ್ದಳು. ಅಷ್ಟರಲ್ಲಿ ರೆಕಾರ್ಡ್ ಆಗುತ್ತಿದ್ದ ಫೋನಿಗೇ ಕರೆ ಬಂದು ಎಲ್ಲ ನಿಂತುಹೋಯಿತು. ಅದು ಎಡಿಟಿಂಗ್ ಮಾಡುವ ಹುಡುಗ ಮನೆಯಿಂದ ತಂದ ಫೋನು. ಕರೆ ಮಾಡಿದ್ದು ಮುಂಬೈಯಲ್ಲಿದ್ದ ಅವನ ಚಿಕ್ಕಮ್ಮ. ಹುಡುಗಿ ಕಣ್ಣು ತುಂಬಿಕೊಂಡು ನಿಂತಳು. ಹುಡುಗನಿಗೆ ಅದರ ಬಿಸಿ ತಟ್ಟಲೇ ಇಲ್ಲ. "ಚಿಕ್ಕಮ್ಮಂಗೆ ಟೈಮಿಂಗ್ ಅಂಬುದೇ ಗೊತ್ತಿಲ್ಲೆ ಮಿಸ್" ಎಂದ.

ಉಪ್ಪುಂದದಿಂದ ಸ್ವಲ್ಪ ಆಚೆ, ಹೊಳೆ ಸಮುದ್ರಕ್ಕೆ ಸೇರುವ ಕಡೆಯ ಒಂದು ಸರಕಾರಿ ಹೈಸ್ಕೂಲು ಅದು. ಅಲ್ಲಿಯ ಹೆಡ್‌ಮಿಸ್ಟ್ರೆಸ್ ಒಂದು ಕಾಲದಲ್ಲಿ ನನ್ನ ಸ್ಟೂಡೆಂಟ್. ಒಂಬತ್ತನೇ ಕ್ಲಾಸಿನ ಹತ್ತು ಮಕ್ಕಳು ಸೇರಿ ವಾರಕ್ಕೊಂದು ವಾರ್ತೆ ತಯಾರಿಸಬೇಕು, ಜೊತೆಗೆ ಅರ್ಧ ನಿಮಿಷದ ಜಾಹೀರಾತು ಮಾಡುವುದನ್ನೂ ಕಲಿಯಬೇಕು ಎಂದು ಅವರು ಒಂದು ಯೋಜನೆ ಹಾಕಿದ್ದರು. "ಬುಧವಾರ, ಶನಿವಾರ ಬನ್ನಿ ಮಿಸ್. ಟೆಕ್ನಿಕಲ್ ವಿಷಯ ಮಕ್ಕಳೇ ಕಲೀತಾರೆ. ನಮಗೆ ಬೇಕಾದ್ದು ನಿಮ್ಮ ಕೆಂಪು ಪೆನ್ನು" ಎಂದರು. ಟೀಚರಾಗಿದ್ದಾಗ ಶಾಲೆಯ ಗೋಡೆ ಪತ್ರಿಕೆ ನಡೆಸಿದ ಅನುಭವ ಒಂದಿತ್ತು. ಎಡಿಟಿಂಗ್ ಆ್ಯಪನ್ನು ಮೊಮ್ಮಗಳು ಎರಡು ಭಾನುವಾರ ಕೂತು ಕಲಿಸಿದ್ದಳು. ಎಪ್ಪತ್ತು ದಾಟಿದ ಮೇಲೆ ಯಾರಾದರೂ ನನ್ನ ಕೆಂಪು ಪೆನ್ನು ಕೇಳಿದರೆ ಇಲ್ಲ ಎನ್ನುವಷ್ಟು ಗಟ್ಟಿ ಮನಸ್ಸು ನನಗಿಲ್ಲ. ಕುಂದಾಪುರದಿಂದ ಬೆಳಿಗ್ಗೆಯ ಬಸ್ಸು ಹತ್ತಿದೆ.

ಸ್ಟುಡಿಯೋ ಅಂದರೆ ಬಿಸಿಯೂಟದ ಅಕ್ಕಿ ಚೀಲ ಇಡುವ ಕೋಣೆ. ಖಾಲಿ ಕ್ಲಾಸ್‌ರೂಮಿನಲ್ಲಿ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಚೀಲಗಳ ನಡುವೆ ನಿಂತರೆ ದನಿ ಒಣಗಿದ ಬಟ್ಟೆಯ ಹಾಗೆ ಹಗುರಾಗಿ ಕೇಳುತ್ತಿತ್ತು. ಚಿತ್ರ ಹಿಡಿಯಲು ಒಂದು ಫೋನು. ಕಾಲರಿಗೆ ಸಿಕ್ಕಿಸುವ ಮೈಕನ್ನು ಚುಚ್ಚಲು ಇನ್ನೊಂದು ಫೋನು. ಎರಡನ್ನೂ ಚಾಲೂ ಮಾಡಿ ಒಬ್ಬರು ಎದುರು ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಬೇಕು. ಆಮೇಲೆ ಎಡಿಟಿಂಗಿನಲ್ಲಿ ಕೈಗೆ ಕೈ ತಾಗಿದ ಚಿತ್ರ ಮತ್ತು 'ಟಪ್' ಎಂಬ ಸದ್ದು, ಇವೆರಡನ್ನು ಹೊಂದಿಸಿದರೆ ಇಡೀ ಮಾತು ತುಟಿಗೆ ಸರಿಯಾಗಿ ಕೂಡುತ್ತದೆ. ಚಪ್ಪಾಳೆ ತಟ್ಟುವ ಕೆಲಸಕ್ಕೆ ಮಕ್ಕಳಲ್ಲಿ ಜಗಳವೇ ಆಗುತ್ತಿತ್ತು.

ಬರವಣಿಗೆಗೆ ನನ್ನದು ಒಂದೇ ರೂಲ್. ಒಂದು ಸೆಕೆಂಡಿಗೆ ಎರಡು ಪದ. ಹತ್ತು ಸೆಕೆಂಡಿನ ಸುದ್ದಿಗೆ ಇಪ್ಪತ್ತು ಪದ, ಇಪ್ಪತ್ತೊಂದು ಆದರೆ ಒಂದನ್ನು ಹೊಡೆಯಬೇಕು. ಒಂದು ಪದ ಸಾಕಾಗುವ ಕಡೆ ಎರಡು ಇರಬಾರದು. ಮಕ್ಕಳು ಬೆರಳು ಮಡಚಿ ಎಣಿಸುತ್ತಿದ್ದರು, ನಾನು ಗೀಟು ಹಾಕುತ್ತಿದ್ದೆ. ವಾರ್ತೆ ಪುಸ್ತಕದ ಕನ್ನಡದಲ್ಲೇ ಇರಬೇಕು ಎನ್ನುವುದು ಕೂಡ ನನ್ನದೇ ಹಟ. ಮಕ್ಕಳು ತಂದ ಸುದ್ದಿಯೆಲ್ಲ ಕುಂದಾಪ್ರ ಕನ್ನಡದಲ್ಲಿ ಇರುತ್ತಿತ್ತು, ಅದನ್ನು ನಾನು ಇಸ್ತ್ರಿ ಹಾಕಿ ಕೊಡುತ್ತಿದ್ದೆ.

ಆ ಭಾಷೆ ನನ್ನದೂ ಹೌದು, ಅಥವಾ ಆಗಿತ್ತು. ಏಳನೇ ವಯಸ್ಸಿಗೆ ನನ್ನನ್ನು ಮಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದರು. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬಾಯಿಂದ ಬಂದರೆ ಕುತ್ತಿಗೆಗೆ ಒಂದು ರಟ್ಟಿನ ಬೋರ್ಡು, ಸಂಜೆಯವರೆಗೆ. ನನ್ನ ಕುತ್ತಿಗೆಗೆ ಅದು ಬಿದ್ದದ್ದು ಎರಡೇ ಸಲ. ನಾನು ಬೇಗ ಕಲಿಯುವ ಹುಡುಗಿ. ರಜೆಗೆ ಮನೆಗೆ ಬಂದಾಗ ಅಮ್ಮ ನೆರೆಯವರ ಹತ್ತಿರ "ನಮ್ಮ್ ಹೆಣ್ ಈಗ ಪೇಟಿ ಭಾಷಿ ಮಾತಾಡತ್ತ್" ಎಂದು ನಗುತ್ತಿದ್ದಳು. ಆ ನಗುವಿನ ಅಡಿಯಲ್ಲಿ ಇನ್ನೇನೋ ಇತ್ತು ಎಂದು ಈಗ ಅನಿಸುತ್ತದೆ. ಆಗ ನನಗೆ ಪ್ರೈಡ್ ಮಾತ್ರ ಕಂಡಿತ್ತು.

ಶಿವರಾತ್ರಿ ಕಳೆದರೆ ಅಲ್ಲಿಯ ಹೊಳೆಬದಿಯ ಬಾವಿಗಳಿಗೆ ಉಪ್ಪು ಏರುತ್ತದೆ. ಹೊಳೆಯ ನೀರು ಇಳಿದಾಗ ಸಮುದ್ರ ಒಳಗೆ ನುಗ್ಗುತ್ತದೆ, ಬಾವಿಗೂ ಅದೇ ಬರುತ್ತದೆ. ಈ ಸುದ್ದಿಯನ್ನು ಹುಡುಕಿ ತಂದವಳು ವಾರ್ತೆ ಓದುವ ಹುಡುಗಿ. ಎರಡೂ ಫೋನು ಹಿಡಿದುಕೊಂಡು ನಾಲ್ಕು ಮನೆಗೆ ಹೋಗಿ ಮಾತಾಡಿಸಿದಳು. ಐದನೆಯದಾಗಿ ಶಾಲೆಯ ಎದುರಿನ ಬಸ್‌ಸ್ಟಾಪಿನ ಹೋಟೆಲಿಗೆ ಹೋದಳು. ಹೋಟೆಲು ಅಂದರೆ ಎರಡು ಬೆಂಚು, ಒಂದು ಗ್ಯಾಸ್ ಒಲೆ, ಚಾ, ಬನ್ಸ್, ಗೋಳಿಬಜೆ. ನಡೆಸುವವರು ಐವತ್ತು ದಾಟಿದ ಒಬ್ಬ ಹೆಂಗಸು. ಊರಿಗೆಲ್ಲ ಅವರು 'ಹೋಟ್ಲ್ ಅಕ್ಕ'. ಬೆಳಿಗ್ಗೆ ದೋಣಿ ದಡ ಸೇರಿದ ಮೇಲೆ ಮೀನುಗಾರರು, ಹತ್ತು ಗಂಟೆಗೆ ಬಸ್ಸಿಗೆ ಕಾಯುವವರು, ಆಮೇಲೆ ನಮ್ಮ ಟೀಚರ್‌ಗಳ ಚಾ. ಇಷ್ಟರಲ್ಲಿ ಅವರ ದಿನ ನಡೆಯುತ್ತಿತ್ತು. ಬಾವಿ ಹೋಟೆಲಿನ ಹಿಂದೆಯೇ ಇತ್ತು.

ಹುಡುಗಿ ಬರೆದು ತಂದ ಸಾಲು ಹೀಗಿತ್ತು: 'ಬಾವಿಯ ನೀರು ಉಪ್ಪಾಗಿ ಕುಡಿಯಲು ಆಗುತ್ತಿಲ್ಲ ಎಂದು ಬಸ್ ನಿಲ್ದಾಣದ ಹೋಟೆಲಿನವರು ಹೇಳುತ್ತಾರೆ.' ಉಳಿದದ್ದು ಆರು ಸೆಕೆಂಡು ಮಾತ್ರ. ಅದರಲ್ಲಿ ಮುಂದಿನ ಸುದ್ದಿಗೆ ದಾಟುವ ಮಾತೂ ಸೇರಬೇಕು. ನಾನು ಗೀಟು ಹಾಕಿದೆ. 'ಬಸ್ ನಿಲ್ದಾಣದ ಹೋಟೆಲಿನ ಬಾವಿ ನೀರು ಕುಡಿಯಬಾರದು.' ಆರು ಪದ, ಮೂರು ಸೆಕೆಂಡು.

ಹುಡುಗಿ ಕಾಗದವನ್ನೇ ನೋಡುತ್ತ ನಿಂತಳು. "ಮಿಸ್, ಅವ್ರ್ 'ಕುಡೂಕಾಗ' ಅಂದೇಳಿ ಹೇಳ್ಲಿಲ್ಲೆ. 'ಕುಡೂಕಾತಿಲ್ಲೆ' ಅಂದ್ರ್."

"ಎರಡೂ ಒಂದೇ ಅಲ್ವೇನೆ? ಹೇಗೂ ಯಾರೂ ಕುಡಿಯೋದಿಲ್ಲ. ರಿಸಲ್ಟ್ ಒಂದೇ."

"ಒಂದೇ ಅಲ್ಲ ಮಿಸ್..."

"ನಮಗಿರೋದು ಆರು ಸೆಕೆಂಡ್. ಡಿಸ್ಕಷನ್ ಬೇಡ. ಮೈಕ್ ಹಾಕ್ಕೋ."

ಅವಳು ಮೈಕ್ ಹಾಕಿಕೊಂಡಳು. ನಾನು ಬರೆದುಕೊಟ್ಟದ್ದನ್ನೇ, ನಾನು ಕಲಿಸಿದ ಉಚ್ಚಾರದಲ್ಲಿ, ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಓದಿದಳು. ಅವಳ ದನಿಯ ಮೇಲೆ ಹೋಟೆಲಿನ ಬೆಂಚು, ಚಾದ ಪಾತ್ರೆ, ಬಾವಿಯ ಕಟ್ಟೆ ಒಂದಾದ ಮೇಲೊಂದು ಬಂದು ಹೋದವು. ನಾನು "ಪರ್ಫೆಕ್ಟ್" ಎಂದೆ. ಶನಿವಾರ ಮಧ್ಯಾಹ್ನ ವಿಡಿಯೋ ಯೂಟ್ಯೂಬಿಗೂ, ಪೋಷಕರ ವಾಟ್ಸ್ಆ್ಯಪ್ ಗುಂಪುಗಳಿಗೂ ಹೋಯಿತು.

ಬುಧವಾರ ಬಸ್ಸಿಳಿದಾಗ ಹತ್ತು ಗಂಟೆ. ಎರಡು ಬೆಂಚೂ ಖಾಲಿ. ಗೋಳಿಬಜೆ ಗಾಜಿನ ಪೆಟ್ಟಿಗೆಯಲ್ಲಿ ಗುಡ್ಡೆಯಾಗಿ ಕೂತಿತ್ತು. ಎಂದಿನ ಹಾಗೆ ಒಂದು ಚಾ ಕೇಳಿದೆ. ಅಕ್ಕ ಚಾ ಕೊಡಲಿಲ್ಲ. ಒಂದು ಲೋಟ ನೀರು ತಂದು ನನ್ನೆದುರು ಕುಕ್ಕಿದರು.

"ಕುಡ್ದ್ ಕಾಣಿ ಟೀಚರಮ್ಮ."

ಕುಡಿದೆ. ಸಿಹಿ ನೀರು, ತಣ್ಣಗೆ.

"ಉಪ್ಪಿತ್ತಾ? ವಿಷ ಇತ್ತಾ? ಇದ್ ನನ್ನ್ ಅಣ್ಣನ ಮನಿ ನೀರ್. ಮೇಲ್ ಗುಡ್ಡಿಯಂಗೆ ಅವ್ರ್ ಬಾವಿ. ದಿನಾ ಬೆಳಿಗ್ಗೆ ರಿಕ್ಷದಂಗೆ ತಕಂಡ್ ಬತ್ತೆ. ಹ್ವಾಯ್, ನಾನ್ ಎಂತ ಹೇಳಿದ್ದೆ, ನೀವ್ ಎಂತ ಹಾಕಿದ್ರಿ? ಶನಿವಾರದಿಂದ ದೋಣಿಯವ್ರ್ ಒಬ್ರೂ ಇತ್ಲಾಯಿ ಬರ್ಲಿಲ್ಲೆ. ನಿನ್ನೆ ಪಂಚಾಯ್ತಿಯವ್ರ್ ಬಂದ್ ಬಾಟ್ಲಿಯಂಗೆ ನೀರ್ ತುಂಬ್ಸ್ಕಂಡ್ ಹೋದ್ರ್. ಎಲ್ರೂ ಕಾಂತಾ ಇದ್ದಿದ್ರ್, ಕಳ್ಳರ ಮನಿ ಕಂಡ್ ಹಾಂಗೆ."

ಹುಡುಗಿ ಹೇಳಿದ್ದು ಆಗ ತಲೆಗೆ ಹೋಯಿತು. ಕುಡೂಕಾತಿಲ್ಲೆ ಅಂದರೆ ಕುಡಿಯಲು ಆಗುತ್ತಿಲ್ಲ, ನಾಲಿಗೆಗೆ ಸೇರುತ್ತಿಲ್ಲ. ಕುಡೂಕಾಗ ಅಂದರೆ ಕುಡಿಯಲೇಕೂಡದು. ಮೊದಲನೆಯದು ಕಷ್ಟ ಹೇಳಿಕೊಳ್ಳುವವರ ಮಾತು. ಎರಡನೆಯದು ಕೇಳಿದವರು ಲೋಟ ಕೆಳಗಿಡುತ್ತಾರೆ. ಏಳನೇ ವಯಸ್ಸಿಗೆ ಮುಂಚೆ ಈ ವ್ಯತ್ಯಾಸ ನನಗೂ ಗೊತ್ತಿತ್ತು. "ಬಿಸ್ಲಿಗ್ ಹೋಪುಕಾಗ" ಎಂದು ಅಮ್ಮ ಕೂಗಿದರೆ ನಾನು ಹೊಸಿಲಲ್ಲೇ ನಿಲ್ಲುತ್ತಿದ್ದೆ.

ಹೆಡ್‌ಮಿಸ್ಟ್ರೆಸ್ ವಿಷಯ ಕೇಳಿದ ಕೂಡಲೇ "ವಿಡಿಯೋ ಡಿಲೀಟ್ ಮಾಡಿಬಿಡೋಣ ಮಿಸ್. ಒಂದು ವಾರದಲ್ಲಿ ಜನ ಮರೀತಾರೆ" ಎಂದರು. ಡಿಲೀಟ್ ಆಯಿತು. ಆದರೆ ಫಾರ್ವರ್ಡ್ ಆದದ್ದು ಎಲ್ಲೆಲ್ಲಿ ಕೂತಿದೆಯೋ ಯಾರಿಗೆ ಗೊತ್ತು. ಎಡಿಟಿಂಗ್ ಹುಡುಗ ಇನ್ನೊಂದು ಐಡಿಯಾ ಕೊಟ್ಟ. "ಅಕ್ಕಂಗೆ ಒಂದ್ ಜಾಹೀರಾತ್ ಮಾಡಿ ಹಾಕ್ವ ಮಿಸ್. ಫ್ರೀ. ಅಲ್ಲಿಗಲ್ಲಿಗ್ ಸಮ ಆತ್ತ್." ಮಕ್ಕಳೆಲ್ಲ ಕುಣಿದರು. ಹೇಗೂ ಜಾಹೀರಾತಿನ ಪಾಠ ಬಾಕಿ ಇತ್ತು. ನಾನೂ ಒಪ್ಪಿದೆ. ಒಪ್ಪಿದ್ದು ಯಾಕೆಂದರೆ, ಅದರಲ್ಲಿ ನಾನು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಈಗ ಅದನ್ನು ಹಾಗೇ ಬರೆಯುವುದು ಒಳ್ಳೆಯದು.

ಕೆಲಸವನ್ನಂತೂ ಮಕ್ಕಳು ಚೆಂದ ಮಾಡಿದರು. ಚಾದ ಹಬೆ ಕ್ಯಾಮೆರಾಕ್ಕೆ ಕಾಣುವುದಿಲ್ಲ ಎಂದು ಒದ್ದಾಡಿ, ಲೋಟದ ಹಿಂದೆ ಕಪ್ಪು ಕೊಡೆ ಬಿಡಿಸಿಟ್ಟು, ಬೆಳಕು ಹಿಂಬದಿಯಿಂದ ಓರೆಯಾಗಿ ಬೀಳುವ ಹಾಗೆ ಲೋಟ ತಿರುಗಿಸಿದರು. ಹಬೆ ಎದ್ದು ಕುಣಿಯಿತು. ಎಣ್ಣೆಗೆ ಬಿದ್ದ ಬನ್ಸ್ ಉಬ್ಬುವ ಸದ್ದನ್ನು ಮೈಕ್ ಹತ್ತಿರ ಹಿಡಿದು ಬೇರೆಯೇ ರೆಕಾರ್ಡ್ ಮಾಡಿದರು. ಅಕ್ಕ ಮಾತ್ರ ಇಡೀ ಹೊತ್ತು ಬೆನ್ನು ಹಾಕಿ ನಿಂತಿದ್ದರು. "ಎಂತ ಬೇಕಾರೂ ಮಾಡ್ಕಣಿ, ಎಣ್ಣಿ ಹತ್ರ ಮಕ್ಳ್ ಬಪ್ಪುಕಾಗ" ಎಂದಷ್ಟೇ ಹೇಳಿದರು. ಕೊನೆಗೆ ಚಿತ್ರದ ಮೇಲೆ ಹುಡುಗ ದೊಡ್ಡ ಅಕ್ಷರದಲ್ಲಿ ಬರೆದ: 'ಶುದ್ಧ ಸಿಹಿನೀರಿನ ಚಾ'. ನಾನು ಒಂದು ಪದವನ್ನೂ ಹೊಡೆಯಲಿಲ್ಲ. ಶನಿವಾರ ಹಾಕಿದೆವು.

ಮುಂದಿನ ಬುಧವಾರ ಬೆಂಚಿನಲ್ಲಿ ಒಬ್ಬರೇ ಇದ್ದರು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹಿರಿಯರು, ಚಾ ಕುಡಿಯದೆ ಸುಮ್ಮನೆ ಕೂತವರು. ನಾನು ಹೋದದ್ದೇ ಶುರು ಮಾಡಿದರು.

"ಎಂತ ಟೀಚರೇ, ಶುದ್ಧ ನೀರ್ ಅಂದೇಳಿ ಜಾಹೀರಾತ್ ಹಾಕ್ಸಿದ್ರಿಯಲ್ದೆ? ಹಾಂಗಾರ್ ಈಚಿಗಷ್ಟೇ ಶುದ್ಧ ಆದ್ದಾ? ಮೊದ್ಲ್ ಕುಡ್ಸಿದ್ದ್ ಎಂತ ನಮ್ಗೆ?"

ಒಲೆಯ ಹಿಂದಿನಿಂದ ಅಕ್ಕ ತಿರುಗಿದರು. ದನಿ ಏರಿಸಲಿಲ್ಲ. "ಕೇಂಡ್ರಿಯಾ? ಈಗ ನಾನೇ ಜನ ಹಿಡ್ದ್ ಸುಳ್ಳ್ ಹಾಕ್ಸಿದ್ದ್ ಅಂದೇಳಿ ಆಯ್ತ್. ಪಂಚಾಯ್ತಿಯವ್ರ್ ಉಪ್ಪ್ ಬಿಟ್ರೆ ಎಂತದೂ ಇಲ್ಲೆ ಅಂದ್ರ್. ಆ ಮಾತ್ ಯಾರಿಗೂ ಬ್ಯಾಡ. ಹೀಂಗೇ ಆರೆ ಈ ತಿಂಗ್ಳ್ ಕಂಡ್ಕಂಡ್ ಬಾಗ್ಲ್ ಹಾಕುದೇ. ಬ್ರಹ್ಮಾವರಕ್ಕೆ ಮಗಳ ಮನಿಗ್ ಹೋಯಿ ಪಾತ್ರಿ ತೊಳ್ಕಂಡ್ ಕೂಕಂತೆ."

ಶಾಲೆಗೆ ಹೋದರೆ ವಾರ್ತೆ ಓದುವ ಹುಡುಗಿ ಬಂದಿರಲಿಲ್ಲ. ಬಸ್ಸಿನಲ್ಲಿ ಹೆಂಗಸರು ಅವಳನ್ನು ಕಂಡು "ಇವತ್ ಯಾರ್ ಹೋಟ್ಲ್ ಮುಚ್ಚುಕ್ ಹೊರಟ್ದೆ ಮಗಾ?" ಎಂದು ಕೇಳಿದ್ದರಂತೆ. ಇದನ್ನು ಹೇಳಿದ್ದು ಎಡಿಟಿಂಗ್ ಹುಡುಗ. ಆ ದಿನ ಅವನೂ ನಗಲಿಲ್ಲ.

ನಾನು ಸ್ಟಾಫ್‌ರೂಮಿಗೆ ಹೋಗಿ ಹೆಡ್‌ಮಿಸ್ಟ್ರೆಸ್ ಎದುರು ಕೂತೆ. "ಶನಿವಾರದ ವಾರ್ತೆಯಲ್ಲಿ ಮೊದಲ ಹೆಡ್‌ಲೈನ್ ತಿದ್ದುಪಡಿ" ಎಂದೆ.

ಅವರು ಕನ್ನಡಕ ತೆಗೆದರು. "ಮಿಸ್, ಪ್ಲೀಸ್. ಶಾಲೆ ತಪ್ಪು ಸುದ್ದಿ ಹಾಕಿತು ಅಂತ ನಾವೇ ಹೇಳೋದಾ? ಮೇಲಿನವರು ಕೇಳಿದರೆ ಈ ಕಾರ್ಯಕ್ರಮವೇ ನಿಲ್ಲುತ್ತೆ."

"ಶಾಲೆ ಹಾಕಿತು ಅಂತ ಯಾಕೆ ಹೇಳ್ತೀರಿ? ಗೀಟು ಹಾಕಿದ್ದು ನಾನು. ಕ್ಯಾಮೆರಾ ಎದುರು ನಾನೇ ನಿಲ್ಲುತ್ತೇನೆ. ನನ್ನನ್ನು ನಿಲ್ಲಿಸಿದರೂ ಆಯಿತು, ಮಕ್ಕಳ ಕಾರ್ಯಕ್ರಮ ನಿಲ್ಲಿಸಬೇಡಿ."

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ "ಕ್ಲಾಸಿನಲ್ಲೂ ನೀವು ಹೀಗೇ. ಒಂದು ಸ್ಪೆಲ್ಲಿಂಗಿಗೆ ಇಡೀ ಪೇಜ್ ಬರೆಸ್ತಿದ್ರಿ" ಎಂದರು. ಅದು ಒಪ್ಪಿಗೆ ಎಂದು ತಿಳಿದು ಎದ್ದೆ.

ಸಂಜೆ ಹುಡುಗಿಯ ಮನೆಗೆ ಹೋಗಿ ಅವಳ ತಾಯಿಯ ಎದುರೇ "ನೀನು ಹೇಳಿದ್ದು ಸರಿ, ನಾನು ಕೇಳಲಿಲ್ಲ" ಎಂದೆ. ಅವಳು ಬಾಗಿಲ ಪಕ್ಕ ನಿಂತು ಉಗುರು ನೋಡಿಕೊಂಡಳು. "ನಾಳಿ ಬತ್ತೆ ಮಿಸ್" ಎಂದಳು.

ಮಾರನೆಯ ದಿನ ಗುರುವಾರವಾದರೂ ಬಸ್ಸು ಹತ್ತಿದೆ. ಕೆಲಸಕ್ಕೆ ಕೂತರೆ ಮೊದಲ ಪೆಟ್ಟು. ಅಕ್ಕ ಮಾತಾಡಿದ ಪೂರ್ತಿ ವಿಡಿಯೋ ಇಲ್ಲ. ಫೋನಿನಲ್ಲಿ ಜಾಗ ಸಾಲದೆ ಪ್ರತಿವಾರ ಹಳೆಯದನ್ನು ಅಳಿಸುತ್ತಿದ್ದೆವು. ಹುಡುಗ ಸುಲಭದ ದಾರಿ ಹೇಳಿದ: "ಅಕ್ಕನ ಹತ್ರ ಅದನ್ನೇ ಇನ್ನೊಂದ್ಸಲ ಹೇಳ್ಸುವ." ಆಗದು ಎಂದೆ. ಇವತ್ತು ಹೇಳಿಸಿದ್ದನ್ನು ಅವತ್ತು ಹೇಳಿದ್ದು ಎಂದು ತೋರಿಸಿದರೆ ಅದು ನಾಟಕ, ವಾರ್ತೆ ಅಲ್ಲ. ಆಗ ಹುಡುಗಿ "ಮೈಕಿನ ಫೋನ್?" ಎಂದಳು. ಹೌದಲ್ಲ! ಚಿತ್ರ ಒಂದರಲ್ಲಿ, ದನಿ ಇನ್ನೊಂದರಲ್ಲಿ. ದನಿಯ ಫೈಲು ಸಣ್ಣದು, ಅಳಿಸುವ ನೆನಪೇ ಯಾರಿಗೂ ಆಗಿರಲಿಲ್ಲ. ಹುಡುಕಿದಾಗ ಸಿಕ್ಕಿತು.

ಅಕ್ಕಿ ಚೀಲಗಳ ನಡುವೆ ಎಲ್ಲರೂ ಕೂತು ಕೇಳಿದೆವು. ಮೊದಲು ಒಂದು ಚಪ್ಪಾಳೆ, ಹಿಂದೆ ಬಸ್ಸಿನ ಹಾರ್ನ್, ಆಮೇಲೆ ಅಕ್ಕನ ದನಿ. "ಈಗ ಒಂದ್ ತಿಂಗ್ಳ್ ಈ ನೀರ್ ಕುಡೂಕಾತಿಲ್ಲೆ ಮಗಾ, ಉಪ್ಪ್. ಪಾತ್ರಿ ತೊಳುಕ್ ಅಡ್ಡಿಲ್ಲೆ. ಚಾಕ್ಕೆ ಅಣ್ಣನ ಮನಿಂದ ಬ್ಯಾರೆ ನೀರ್ ತಕಂಡ್ ಬತ್ತೆ."

ಆ ಕೊನೆಯ ಸಾಲು ಹುಡುಗಿಯ ಮೊದಲ ಬರಹದಲ್ಲಿ ಇತ್ತಂತೆ. ಕೆಂಪು ಪೆನ್ನಿನ ಮೊದಲ ಗೀಟು ಅದರ ಮೇಲೆ ಬಿದ್ದಿತ್ತು. ನನಗೆ ಅದನ್ನು ಹೊಡೆದ ನೆನಪು ಕೂಡ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕುಗ್ಗಿಸಿತು.

ಅಕ್ಕನ ಅನುಮತಿ ಕೇಳಲು ಹುಡುಗಿಯೇ ಹೋದಳು, ನಾನು ಎರಡು ಹೆಜ್ಜೆ ಹಿಂದೆ. "ನನ್ನ್ ಮೋರಿ ಹಾಕ್ಬ್ಯಾಡಿ. ದನಿ ಬೇಕಾರ್ ಹಾಕ್ಕಣಿ. ನಾನ್ ಹೇಳಿದ್ದನ್ನೇ ಹಾಕ್ಕ್, ಉಪ್ಪೂ ಸೇರ್ಸುಕಾಗ, ಸಕ್ರಿಯೂ ಸೇರ್ಸುಕಾಗ" ಎಂದರು.

ಶನಿವಾರ ನಾನು ಚೀಲಗಳ ಎದುರು ನಿಂತೆ. ಮೈಕ್ ಸೀರೆಯ ಸೆರಗಿಗೆ ಸಿಕ್ಕಿಸಿದವಳು ಹುಡುಗಿ. ಬರೆದವಳೂ ಅವಳೇ, ನಾನು ಪೆನ್ನು ಮುಟ್ಟಲಿಲ್ಲ. ಬೇರೆಯವರಿಗೆ ಎಷ್ಟು ಸಲ 'ಐ ಕಾಂಟ್ಯಾಕ್ಟ್' ಎಂದು ಬೋಧಿಸಿದ್ದೆನೋ, ಆ ಸಣ್ಣ ಗಾಜಿನ ಚುಕ್ಕಿಯನ್ನು ನೋಡಲು ನನಗೇ ಧೈರ್ಯ ಬರಲಿಲ್ಲ. ಮೊದಲ ಟೇಕ್ ಬೆವರಿಗೆ ಹೋಯಿತು. ಎರಡನೆಯದರಲ್ಲಿ 'ತಪ್ಪಾಗಿದೆ' ಎಂದೆ.

"ಕಟ್" ಎಂದಳು ಹುಡುಗಿ. "ತಪ್ಪಾಗಿದೆ ಅಲ್ಲ ಮಿಸ್. 'ತಪ್ಪು ಮಾಡಿದೆ' ಅಂದೇಳಿ ಬರ್ದಿದ್ದೆ. ಅದ್ ತನ್ನಷ್ಟಕ್ಕೆ ಆದ್ದಲ್ಲ ಅಲ್ದಾ?"

ಮೂರನೆಯದರಿಂದ ಆರನೆಯದರವರೆಗೆ ಕುಡೂಕಾಗ, ಕುಡೂಕಾತಿಲ್ಲೆ ಎಂಬ ಎರಡು ಪದಗಳ ಮೇಲೆಯೇ ಹೋಯಿತು. ನನ್ನ ನಾಲಿಗೆ 'ಕುಡೂಕಾಗ'ದಲ್ಲಿ ತುಂಡಾಗಬೇಕಾದ ಕಡೆ ತುಂಡಾಗದೆ ಪುಸ್ತಕದ 'ಕುಡಿಯಲಾಗದು' ಕಡೆಗೆ ಜಾರುತ್ತಿತ್ತು. ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. ಹುಡುಗಿ ನನ್ನೆದುರು ಕೂತು ನಿಧಾನವಾಗಿ ಹೇಳಿಕೊಟ್ಟಳು, ನಾನು ಹಿಂದೆ ಹೇಳಿದೆ. ಕುಡೂಕಾಗ. ಕುಡೂಕಾತಿಲ್ಲೆ. ಎಪ್ಪತ್ತರ ಮೇಲಿನ ಹೆಂಗಸು ಒಂಬತ್ತನೇ ಕ್ಲಾಸಿನ ಹುಡುಗಿಯಿಂದ ತನ್ನ ಅಮ್ಮನ ಮಾತನ್ನು ಡಿಕ್ಟೇಷನ್ ತೆಗೆದುಕೊಂಡಳು. ಏಳನೆಯದು ಓಕೆ ಆಯಿತು.

ಆ ವಾರದ ವಾರ್ತೆ ಹೀಗೆ ಶುರುವಾಯಿತು. ಹುಡುಗಿ ಕ್ಯಾಮೆರಾ ನೋಡಿ "ಮೊದಲು ನಮ್ಮದೇ ಒಂದು ತಪ್ಪು" ಎಂದಳು. ಪರದೆ ಕಪ್ಪಾಯಿತು. ಅಕ್ಕನ ಮೂರು ಸಾಲು ಪೂರ್ತಿ ಕೇಳಿತು, ಬಸ್ಸಿನ ಹಾರ್ನ್ ಸಹಿತ. ಆಮೇಲೆ ನಾನು ಬಂದೆ. ಅವರು ಹೇಳಿದ್ದು ಕುಡೂಕಾತಿಲ್ಲೆ, ನಾನು ಬರೆದದ್ದು ಕುಡಿಯಬಾರದು, ಅಂದರೆ ಕುಡೂಕಾಗ. ಓದಿದ ವಿದ್ಯಾರ್ಥಿನಿ ಬೇಡ ಎಂದಿದ್ದಳು, ನಾನು ಕೇಳಲಿಲ್ಲ. ಹೋಟೆಲಿನ ಚಾ ಮಾಡುವುದು ಬೇರೆ ಬಾವಿಯ ನೀರಿನಲ್ಲಿ. ತಪ್ಪು ಮಾಡಿದೆ ಎಂದೆ. ಮೂರು ಸೆಕೆಂಡಿನ ತಪ್ಪಿಗೆ ಒಂದು ನಿಮಿಷ ಹತ್ತು ಸೆಕೆಂಡು ಹಿಡಿಯಿತು. ಜಾಹೀರಾತನ್ನು ತೆಗೆದೆವು. ಹಿಂದೆ ತಪ್ಪು ವಾರ್ತೆ ಹೋಗಿದ್ದ ಗುಂಪುಗಳಿಗೆಲ್ಲ ಮಕ್ಕಳು ಒಂದೊಂದಾಗಿ ಇದನ್ನೂ ಕಳಿಸಿದರು. ಫಾರ್ವರ್ಡ್ ಮಾಡಿದ್ದು ಯಾವ ಮನೆಗೆ ಹೋಯಿತು ಎಂದು ನೆನಪು ಮಾಡಿ ಬರೆದು, ಮನೆಗೂ ಹೋಗಿ ತೋರಿಸಿದವರು ಇದ್ದರು.

ಬುಧವಾರ ನಾನು ಒಂದು ಬಸ್ಸು ಮುಂಚೆಯೇ ಹೋದೆ. ಬೆಂಚು ಖಾಲಿ ಇತ್ತು. ಅಕ್ಕ ಈ ಸಲ ಕೇಳದೆಯೇ ಚಾ ಕೊಟ್ಟರು. ಫೋನು ಒರೆಸಿ ನನ್ನ ಎದುರೇ ವಿಡಿಯೋ ಹಾಕಿ ಮತ್ತೊಮ್ಮೆ ಕಂಡರು. ತಮ್ಮ ದನಿ ಬಂದಾಗ ತಲೆ ಆಡಿಸಿದರು. ನಾನು ಬಂದಾಗ ಮುಖ ಸೊಟ್ಟ ಮಾಡಿದರು.

"ಹೇಳಿದ್ದೆಲ್ಲ ಸಮ ಹೇಳಿದ್ರಿ. ಆದ್ರೆ ನಿಮ್ಮ್ ಬಾಯಂಗೆ ನಮ್ಮ್ ಭಾಷಿ ಕೇಂಬುಕೆ ಆತಿಲ್ಲೆ ಟೀಚರಮ್ಮ."

"ಕೇಂಬುಕಾತಿಲ್ಲೆಯಾ, ಕೇಂಬುಕಾಗವಾ?" ಎಂದೆ.

ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. ಬಾಗಿಲು ಹಾಕುವ ಮಾತು ನಾನು ಕೇಳಲಿಲ್ಲ, ಅವರು ಎತ್ತಲಿಲ್ಲ. ಜನ ಬಾರದಿದ್ದರೆ ನನ್ನ ತಿದ್ದುಪಡಿ ಎಷ್ಟು ಚೆನ್ನಾಗಿದ್ದರೂ ಅವರಿಗೆ ಏನು ಉಪಯೋಗ? ಚಾ ಆರುತ್ತ ಬಂತು. ನಾನು ಎದ್ದು ಹೋಗದೆ ಅಲ್ಲೇ ಕೂತಿದ್ದೆ, ಒಬ್ಬ ಗಿರಾಕಿಯಾದರೂ ಇದ್ದ ಹಾಗೆ ಕಾಣಲಿ ಎಂದು.

ದಡದ ಕಡೆಯಿಂದ ಮಾತು ಕೇಳಿಸಿತು. ದೋಣಿಯವರು, ಐದಾರು ಜನ, ಲುಂಗಿ ಇನ್ನೂ ಒದ್ದೆ. ಅವರಲ್ಲಿ ಒಬ್ಬ ದೂರದಿಂದಲೇ ಕೂಗಿದ, "ಅಕ್ಕಾ, ಅಣ್ಣನ ಮನಿ ನೀರಿನ್ ಆರ್ ಚಾ ಕೊಡಿ. ಬನ್ಸ್ ಇತ್ತಾ?"

ಅಕ್ಕ ಒಲೆಯ ಉರಿ ಏರಿಸಿ, ನನ್ನ ಕಡೆ ತಿರುಗದೆಯೇ ಕೈ ಬೀಸಿದರು. "ಹ್ವಾಯ್ ಟೀಚರಮ್ಮ, ಏಳಿ ಏಳಿ, ಆಚಿಗ್ ಹೋಯಿ ನಿಲ್ಲಿ. ಕೂಕಂಬುಕೆ ಜಾಗ ಬೇಕಲ್ದಾ ಅವ್ರಿಗೆ?"

ನಾನು ಲೋಟ ಹಿಡಿದುಕೊಂಡು ಎದ್ದೆ. ಬಸ್‌ಸ್ಟಾಪಿನ ಕಂಬಕ್ಕೆ ಒರಗಿ, ನಿಂತೇ ಚಾ ಮುಗಿಸಿದೆ.